ಸೇತುವೆಯಾಚೆಯ ವಿಳಾಸ

ಉತ್ತರ ಬರೆಯದೆ ಉಳಿಸಿಕೊಂಡ ಕಾಗದವೂ ಒಂದು ಸಾಲವೇ. ಕೊಟ್ಟವನು ಕೇಳದಿದ್ದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಅಂಥದೊಂದು ಸಾಲ ನಲವತ್ತೈದು ವರ್ಷಗಳಿಂದ ನನ್ನ ತಲೆಯ ಮೇಲಿತ್ತು.

1978ರಲ್ಲಿ ವಾರಪತ್ರಿಕೆಯೊಂದರ ಪತ್ರಮಿತ್ರರ ಅಂಕಣದಲ್ಲಿ ಅವನ ವಿಳಾಸ ಸಿಕ್ಕಿತು: ಸಾಗರ ತಾಲ್ಲೂಕಿನ ತುಮರಿ. ನಾನು ಬೆಂಗಳೂರಿನ ಸಿಟಿ ಬಸ್ಸು, ಸಿನಿಮಾಗಳ ವಿಷಯ ಬರೆದರೆ ಅವನು ನೀರಿನ ವಿಷಯ ಬರೆಯುತ್ತಿದ್ದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿಕೊಂಡಾಗ ಅವರ ಅಡಿಕೆ ತೋಟ ಮುಳುಗಿತ್ತಂತೆ. ನಾಡಿಗೆ ದೀಪ ಹಚ್ಚಿದ ಆ ನೀರೇ ಅವರನ್ನು ಸಾಗರದ ಪೇಟೆಯಿಂದ ದೂರ ಮಾಡಿತ್ತು. ಲಾಂಚ್ ತಪ್ಪಿದರೆ ಆಸ್ಪತ್ರೆಯೂ ತಪ್ಪಿದಂತೆ ಎಂದು ಒಮ್ಮೆ ಬರೆದಿದ್ದ. ನಾನು ಅದನ್ನು ಚಮತ್ಕಾರದ ಮಾತೆಂದು ಮೆಚ್ಚಿಕೊಂಡಿದ್ದೆ!

1980ರ ಕೊನೆಯ ಕಾಗದದಲ್ಲಿ, ಕೆಲಸದ ಸಂದರ್ಶನಕ್ಕೆ ಬೆಂಗಳೂರಿಗೆ ಬರುವುದಿದೆ, ಎರಡು ರಾತ್ರಿ ನಿಮ್ಮಲ್ಲಿ ಇಳಿದುಕೊಳ್ಳಬಹುದೇ ಎಂದು ಕೇಳಿದ್ದ. ನಮ್ಮದು ಒಂದೇ ಕೋಣೆಯ ಮನೆ; ತಂದೆಯವರನ್ನು ಕೇಳಲು ಸಂಕೋಚ. ನಾಳೆ ಬರೆದರಾಯಿತು ಎಂದುಕೊಂಡೆ. ಸಂದರ್ಶನದ ದಿನ ಕಳೆದ ಮೇಲೆ ಬರೆಯಲು ಮುಖವಿರಲಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಸುದ್ದಿ ಓದಿದಾಗ ನನಗೆ ಉಳಿದಿದ್ದ ಕೊನೆಯ ನೆಪವೂ ಹೋಯಿತು. ಡಿಸೆಂಬರಿನಲ್ಲಿ ನಾನೂ ಮಗನೂ ಕಾರಿನಲ್ಲಿ ಹೊರಟೆವು. ಅರಸೀಕೆರೆಯ ತೆಂಗಿನ ತೋಟಗಳು ಹಿಂದಾದವು. ತರೀಕೆರೆ, ಶಿವಮೊಗ್ಗ ಕಳೆದು ಸಾಗರ ಬಂತು. 2 ಕಿಲೋಮೀಟರಿಗೂ ಉದ್ದದ ಸೇತುವೆ. ಅವನು ಲಾಂಚಿಗೆ ಕಾದು ಕಾದು ದಾಟುತ್ತಿದ್ದ ನೀರನ್ನು ನಾವು ಮೂರ್ನಾಲ್ಕು ನಿಮಿಷಗಳಲ್ಲಿ ದಾಟಿಬಿಟ್ಟೆವು.

ತುಮರಿಯ ಅಂಗಡಿಯಲ್ಲಿ ಹೆಸರು ಹೇಳಿದೊಡನೆ ಮನೆಯ ದಾರಿ ತೋರಿಸಿದರು. ಅವನು ತೀರಿಕೊಂಡು ನಾಲ್ಕು ವರ್ಷವಾಯಿತೆಂಬುದನ್ನೂ ಅವರೇ ಹೇಳಿದರು.

ಅವನ ಹೆಂಡತಿ ಜಗಲಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದರು. ನಾನು ಯಾರೆಂದು ಹೇಳುತ್ತಲೇ, "ಬೆಂಗಳೂರಿನೋರಾ? ನಿಮ್ಮ ವಿಳಾಸ ಅವರಿಗೆ ಬಾಯಿಪಾಠ ಇತ್ತು. ಉಳಿಯೋಕೆ ಜಾಗ ಇಲ್ಲ ಅಂತ ಆವಾಗ ಸಂದರ್ಶನಕ್ಕೂ ಹೋಗ್ಲಿಲ್ಲಂತೆ. ಕಾಗದ ದಾರೀಲಿ ಎಲ್ಲೋ ಕಳೆದುಹೋಗಿರಬೇಕು, ಸಿಕ್ಕಿದ್ರೆ ಬರೀದೇ ಇರೋ ಮನುಷ್ಯ ಅಲ್ಲ ಅವ ಅಂತಿದ್ರು" ಎಂದರು.

ಹೌದೆಂದು ತಲೆಯಾಡಿಸಿ ಬಂದುಬಿಡಬಹುದಿತ್ತು. ನಾಲಗೆಯ ತುದಿಯವರೆಗೂ ಬಂದಿತ್ತು.

"ಕಾಗದ ಬಂದಿತ್ತು ಅಮ್ಮಾ. ಬರೆಯದವನು ನಾನೇ" ಎಂದೆ.

ಅವರು ಮಾತಾಡದೆ ಇನ್ನೆರಡು ಅಡಿಕೆ ಸುಲಿದರು.

"ಇದನ್ನ ಅವರಿಗೆ ಹೇಳ್ಬೇಕಿತ್ತು ನೀವು" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೈ ಒರೆಸಿಕೊಂಡು ಎದ್ದರು. "ಒಳಗೆ ಬನ್ನಿ, ಊಟ ಮಾಡ್ಕಂಡು ಹೋಗಿ. ಈಗ ಎಂತ, ಲಾಂಚ್ ತಪ್ಪೋ ಹೆದರಿಕೆ ಇಲ್ಲ."