ತೋಪಿನಿಂದ ಕೆಂಪು ಬಾಳೆಯವರೆಗೆ

ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳನ್ನು ಕಲಬುರಗಿ ಕೋಟೆ ತೋರಿಸಲು ಕರೆದುಕೊಂಡು ಹೋಗಿದ್ದೆ. ನಮ್ಮೂರ ಬಿಸಿಲು ನಿಮಗೆ ಗೊತ್ತೇ ಇದೆ. ಎಂಟು ಗಂಟೆಗೆಲ್ಲ ಕಲ್ಲು ಕಾಯತೊಡಗುತ್ತದೆ. ಹಾಗಾಗಿ ಬೆಳಗ್ಗೆ ಚಹಾ ಕುಡಿದವರೇ ಹೊರಟೆವು.

1347ರಲ್ಲಿ ಬಹಮನಿ ರಾಜ್ಯ ಕಟ್ಟಿದ ಅಲಾವುದ್ದೀನ್ ಹಸನ್ ಈ ಊರನ್ನೇ ರಾಜಧಾನಿ ಮಾಡಿಕೊಂಡ. ಕೋಟೆಯೊಳಗಿನ ಜಾಮಾ ಮಸೀದಿ 1367ರದು. ಬೇರೆ ಮಸೀದಿಗಳಂತೆ ಇದಕ್ಕೆ ತೆರೆದ ಅಂಗಳವಿಲ್ಲ, ಇಡೀ ಕಟ್ಟಡಕ್ಕೆ ಗುಮ್ಮಟಗಳ ಮಾಡು. ಒಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಮರೆತೇ ಹೋಗುತ್ತದೆ. ಆದರೆ ಮೊಮ್ಮಗಳಿಗೆ ಹಿಡಿಸಿದ್ದು ತೋಪು. ಸುಮಾರು 29 ಅಡಿ ಉದ್ದದ್ದು. ಹೆಜ್ಜೆ ಹಾಕಿ ಅಳೆದಳು, ಬಾಯಿಯೊಳಗೆ ಇಣುಕಿ ಕೂಗಿದಳು. ಆಮೇಲೆ ಕೇಳಿದಳು:

“ಮುತ್ಯಾ, ಇದು ಎಷ್ಟು ದೂರ ಹೊಡೀತದ ಅಂತ ನೋಡಬೇಕಂದ್ರ ಎಲ್ಲಿ ಹೊಡೆದು ನೋಡ್ತಿದ್ರು?”

“ಬಯಲಾಗ.”

“ಅಲ್ಲಿ ಮಂದಿ ಇದ್ರ?”

ನನಗೆ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಕಮಲಾಪುರದ ಒಬ್ಬ ಮುದುಕ.

ಕೋಟೆಯಿಂದ ಹುಮನಾಬಾದ್ ಬೇಸ್‌ಗೆ ಬಂದು ಬಸ್ಸು ಹತ್ತಿದೆವು. ಮಹಾಗಾಂವ ಕ್ರಾಸ್ ದಾಟಿ ಮುಂದೆ ಹೋದರೆ ಕಮಲಾಪುರ. ಈಗ ಅದು ತಾಲ್ಲೂಕು ಕೇಂದ್ರ. ಅದರ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. 1980ರ ದಶಕದಲ್ಲಿ ನಾನು ಅಲ್ಲಿಯ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ, ಪಿಂಚಣಿ ಕೌಂಟರು ನನ್ನದು. ನವೆಂಬರ್ ಬಂತೆಂದರೆ ಪಿಂಚಣಿದಾರರೆಲ್ಲ ತಾವು ಬದುಕಿದ್ದೇವೆಂಬ ಪತ್ರ ಕೊಡಲು ಬರುತ್ತಿದ್ದರು. ಅವರಲ್ಲಿ ಒಬ್ಬರು ಬ್ರಿಟಿಷರ ಕಾಲದಲ್ಲಿ ಪಲ್ಟನ್ನಿಗೆ ಸೇರಿದ್ದವರು. ಹೆಬ್ಬೆಟ್ಟು ಒತ್ತಲು ತೋಳು ಸರಿಸಿದಾಗ ಮೊಣಕೈ ಕೆಳಗೆ ರೂಪಾಯಿಯಗಲದ ಎರಡು ಕಲೆ ಕಂಡವು. ಚರ್ಮ ಸುಕ್ಕುಗಟ್ಟಿ ಬಿಳಿಚಿಕೊಂಡಿತ್ತು.

“ಏನಾಗಿತ್ರಿ ಇದು?” ಎಂದೆ.

“ರಾವಲ್ಪಿಂಡ್ಯಾಗ ಎಣ್ಣಿ ಹನಿ ಹಾಕಿ ನೋಡಿದ್ರಿ ಸಾಹೇಬ್ರ. ಹಾಕಿದಾಗ ಏನೂ ಆಗ್ಲಿಲ್ಲ. ಮರುದಿನ ಬೊಬ್ಬಿ ಎದ್ದವು.”

ಹಿಂದೆ ಸಾಲು ಉದ್ದವಿತ್ತು. ಏನೋ ಔಷಧವಿರಬೇಕು ಎಂದುಕೊಂಡು ಶಾಯಿ ಪ್ಯಾಡು ಮುಂದೆ ತಳ್ಳಿದೆ.

2007ರಲ್ಲಿ, ನಿವೃತ್ತಿ ಹತ್ತಿರ ಬಂದಾಗ, ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದೆ. ಇಂಗ್ಲೆಂಡಿನ ಪೋರ್ಟನ್ ಡೌನ್ ಎಂಬ ಸೇನಾ ಪ್ರಯೋಗಾಲಯದ ವಿಜ್ಞಾನಿಗಳು 1930ರ ದಶಕದ ಆರಂಭದಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ರಾವಲ್ಪಿಂಡಿಯಲ್ಲಿ ನೂರಾರು ಭಾರತೀಯ ಸಿಪಾಯಿಗಳ ಮೇಲೆ ಸಾಸಿವೆ ಅನಿಲ ಪ್ರಯೋಗಿಸಿದ್ದರಂತೆ. ಬಿಳಿಯರ ಚರ್ಮಕ್ಕೆ ಹೋಲಿಸಿದರೆ ಭಾರತೀಯರ ಚರ್ಮಕ್ಕೆ ಹೆಚ್ಚು ಗಾಯವಾಗುತ್ತದೆಯೇ ಎಂದು ನೋಡುವುದು ಅವರ ಉದ್ದೇಶ. ಕೆಲವರನ್ನು ಬರೀ ಚಡ್ಡಿ, ಹತ್ತಿಯ ಅಂಗಿಯಲ್ಲೇ ಅನಿಲದ ಕೋಣೆಯೊಳಗೆ ಕಳಿಸಿದ್ದರು. ತುಂಬಾ ಜನರಿಗೆ ಸುಟ್ಟ ಗಾಯಗಳಾದವೆಂದು 1942ರ ವರದಿಯಲ್ಲಿ ಅವರೇ ಬರೆದುಕೊಂಡಿದ್ದಾರೆ.

ಮಕ್ಕಳೇ, ಹೆಸರಿನಲ್ಲಿ ಸಾಸಿವೆ ಇದ್ದರೂ ಇದಕ್ಕೂ ಒಗ್ಗರಣೆಯ ಸಾಸಿವೆಗೂ ಸಂಬಂಧವಿಲ್ಲ. ವಾಸನೆಯಿಂದ ಬಂದ ಹೆಸರು ಅದು. ನಿಜಕ್ಕೂ ಅದು ಎಣ್ಣೆಯಂಥ ದ್ರವ. ತಾಕಿದಾಗ ನೋಯುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ ಚರ್ಮ ಕೆಂಪಾಗಿ ಬೊಬ್ಬೆ ಏಳುತ್ತದೆ. ಕಣ್ಣು, ಶ್ವಾಸಕೋಶಕ್ಕೂ ಹಾನಿ. ಬೆವರಿದ ಮೈಗೆ ಇನ್ನೂ ಕೇಡು. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಜರ್ಮನ್ನರು ಇದನ್ನು ಮೊದಲು ಬಳಸಿದರು. 1925ರ ಜಿನೀವಾ ಒಪ್ಪಂದ ಇಂಥ ವಿಷವನ್ನು ಯುದ್ಧದಲ್ಲಿ ಬಳಸಬಾರದೆಂದಿತು, ತಯಾರಿಸಬಾರದೆಂದು ಹೇಳಲಿಲ್ಲ. ಆ ಸಂದಿಯಲ್ಲೇ ಪ್ರಯೋಗಗಳು ನಡೆದವು. ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ಎಂಬ ಪುಟ್ಟ ದ್ವೀಪದಲ್ಲಿ 1942ರಲ್ಲಿ ಕುರಿಗಳನ್ನು ಕಟ್ಟಿ ಅಂಥ್ರಾಕ್ಸ್ ಬಾಂಬು ಪರೀಕ್ಷಿಸಿದರು. ಆ ನೆಲ ಸುರಕ್ಷಿತವೆಂದು ಘೋಷಿಸಲು 1990 ಬರಬೇಕಾಯಿತು.

ತಯಾರಿಯನ್ನೂ ದಾಸ್ತಾನನ್ನೂ ನಿಷೇಧಿಸಿದ ಒಪ್ಪಂದಕ್ಕೆ ಭಾರತ 1993ರಲ್ಲಿ ಸಹಿ ಹಾಕಿತು. ನಮ್ಮ ಹತ್ತಿರವೂ ಸಾವಿರ ಟನ್ನಿಗೂ ಹೆಚ್ಚು ಸಾಸಿವೆ ಅನಿಲ ಇತ್ತು. ಸರ್ಕಾರ ಅದನ್ನು 1997ರಲ್ಲಿ ಒಪ್ಪಿಕೊಂಡು, 2009ರೊಳಗೆ ಪೂರ್ತಿ ನಾಶಮಾಡಿತು. ಇದು ಹೆಮ್ಮೆಪಡುವ ಸಂಗತಿಯೇ.

ಆ ಸುದ್ದಿ ಓದಿದ ವಾರವೇ ಪೇಪರು ಮಡಚಿಕೊಂಡು ಕಮಲಾಪುರಕ್ಕೆ ಹೋಗಿದ್ದೆ. ಮುದುಕ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಮಕ್ಕಳು ದುಡಿಯಲು ಮುಂಬೈಗೆ ಹೋಗಿದ್ದರು. ಮನೆಗೆ ಕೀಲಿ ಬಿದ್ದಿತ್ತು. ಆ ಕಲೆ ಯಾವುದರದೆಂದು ಹೇಳಬಲ್ಲ ಒಬ್ಬನೇ ಮನುಷ್ಯ ಪ್ರತಿ ವರ್ಷ ನನ್ನೆದುರು ನಿಲ್ಲುತ್ತಿದ್ದಾಗ ನಾನು ಹೆಬ್ಬೆಟ್ಟು ನೋಡಿದೆ, ತೋಳು ನೋಡಲಿಲ್ಲ.

ಇದನ್ನೆಲ್ಲ ಬಸ್ಸಿನಲ್ಲಿ ಮೊಮ್ಮಗಳಿಗೆ ಹೇಳಿದೆ. ಕಮಲಾಪುರದಲ್ಲಿ ಇಳಿದು ಒಂದು ಡಜನ್ ಕೆಂಪು ಬಾಳೆಹಣ್ಣು ಕೊಂಡೆವು. ಸಿಪ್ಪೆ ಸುಲಿಯುತ್ತಾ ಅವಳು ಕೇಳಿದಳು:

“ಆ ಮುತ್ಯಾನ ಹೆಸರೇನು?”

ಲೆಡ್ಜರಿನಲ್ಲಿ ಅವರ ಪುಟ ಎಡಗಡೆಗಿತ್ತು, ಮೇಲೆ ಶಾಯಿ ಚೆಲ್ಲಿದ ಗುರುತಿತ್ತು. ಅದೆಲ್ಲ ನೆನಪಿದೆ. ಹೆಸರು ಮಾತ್ರ ಬಾಯಿಗೆ ಬರಲಿಲ್ಲ.

“ಯಾರನ್ನಾರ ಕೇಳೋಣು ನಡಿ ಮುತ್ಯಾ,” ಎಂದು ಅವಳು ಕೈ ಹಿಡಿದಳು. ಬಿಸಿಲು ಏರಿತ್ತು. ಆದರೂ ಊರೊಳಗಿನ ದಾರಿ ಹಿಡಿದೆವು.