ಸಮುದ್ರವಿಲ್ಲದ ಬಂದರು

ಮಕ್ಕಳೇ, ಮೊದಲು ಒಂದು ಒಗಟು. ಸಮುದ್ರವಿಲ್ಲ, ಹಡಗಿಲ್ಲ, ಲಂಗರಿಲ್ಲ, ಆದರೂ ಬಂದರು! ಯಾವ ಊರು ಹೇಳಿ?

ಗೊತ್ತಾಗದಿದ್ದರೆ ಅಜ್ಜ ಅಜ್ಜಿಯರಿಗೆ ಒಂದು ಸುಳಿವು: ಮೈಸೂರಿನಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಹುಣಸೂರು ದಾಟಿ, ಪಿರಿಯಾಪಟ್ಟಣ ದಾಟಿ, ಕಾವೇರಿ ಸೇತುವೆ ಸಿಗುವುದಕ್ಕೆ ಮೊದಲೇ ಬರುವ ಊರು. ಹೌದು, ಬೈಲಕುಪ್ಪೆ! ಬಂದರು ಎಂದರೆ ಹಡಗು ನಿಲ್ಲುವ ತಾಣ. ಬಂದರು ಎಂದರೆ ‘ಅವರು ಬಂದರು’ ಎಂದೂ ಆಗುತ್ತದಲ್ಲವೇ? ಹಿಮಾಲಯದ ಆಚೆಯಿಂದ ಅವರು ಬಂದರು, ಇಲ್ಲೇ ಉಳಿದರು. ಅದೇ ಈ ಊರಿನ ಕಥೆ.

ನಿಜವಾದ ಬಂದರುಗಳ ಕಥೆಯೂ ಹೀಗೇ ಇರುತ್ತದೆ. ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ಮೊಂಬಾಸಾ ಎಂಬ ಹಳೆಯ ಬಂದರು ಇದೆ. ಇಂದು ಅದು ಕೀನ್ಯಾ ದೇಶಕ್ಕೆ ಸೇರಿದೆ. ಉಗಿಹಡಗು ಇಲ್ಲದ ಕಾಲದಲ್ಲಿ ನಮ್ಮ ದೇಶದ ಮತ್ತು ಅರಬ್ ನಾಡಿನ ವರ್ತಕರು ಹಾಯಿಹಡಗಿನಲ್ಲಿ ಅಲ್ಲಿಗೆ ಹೋಗುತ್ತಿದ್ದರು. ಚಳಿಗಾಲದ ಈಶಾನ್ಯ ಮಾರುತ ಅವರನ್ನು ಆಫ್ರಿಕಾದ ಕಡೆಗೆ ತಳ್ಳುತ್ತಿತ್ತು. ಮರಳಿ ಬರಬೇಕಾದರೆ ಗಾಳಿ ದಿಕ್ಕು ಬದಲಿಸಬೇಕು, ನೈಋತ್ಯ ಮಾರುತ ಶುರುವಾಗಬೇಕು. ಅಲ್ಲಿಯವರೆಗೆ ತಿಂಗಳುಗಟ್ಟಲೆ ಅಲ್ಲೇ ತಂಗಬೇಕು. ತಂಗುವವರಿಗೆ ಮನೆ ಬೇಕು, ಬಾವಿ ಬೇಕು, ಅಂಗಡಿ ಬೇಕು, ಪ್ರಾರ್ಥನೆಗೆ ಜಾಗ ಬೇಕು. ಗಾಳಿಗಾಗಿ ಕಾದವರಲ್ಲಿ ಕೆಲವರು ಅಲ್ಲೇ ಮದುವೆಯಾಗಿ ಅಲ್ಲಿಯವರೇ ಆದರು. ಪೋರ್ಚುಗೀಸರು ಬಂದು 1593ರಲ್ಲಿ ಜೀಸಸ್ ಕೋಟೆ ಕಟ್ಟಲು ಶುರುಮಾಡುವ ಹೊತ್ತಿಗೆ ಮೊಂಬಾಸಾ ಆಗಲೇ ಹಲವು ಭಾಷೆಗಳ ಹಳೆಯ ಪೇಟೆಯಾಗಿತ್ತು.

ಬೈಲಕುಪ್ಪೆಗೆ ಬಂದವರೂ ಗಾಳಿ ತಿರುಗಲೆಂದು ಕಾದವರೇ. ಆದರೆ ಅವರ ಗಾಳಿ ಇನ್ನೂ ತಿರುಗಿಲ್ಲ.

1959ರ ಮಾರ್ಚ್ ತಿಂಗಳು. ಟಿಬೆಟ್‌ನ ರಾಜಧಾನಿ ಲ್ಹಾಸಾದಲ್ಲಿ ಚೀನಾ ಆಡಳಿತದ ವಿರುದ್ಧ ಜನ ದಂಗೆ ಎದ್ದರು. 23 ವರ್ಷದ ದಲೈ ಲಾಮಾ ಸೈನಿಕನ ವೇಷದಲ್ಲಿ ರಾತ್ರೋರಾತ್ರಿ ಅರಮನೆ ಬಿಟ್ಟರು. ಹಿಮದ ದಾರಿಗಳನ್ನು ದಾಟಿ ಮಾರ್ಚ್ 31ರಂದು ಭಾರತದೊಳಕ್ಕೆ ಕಾಲಿಟ್ಟರು. ಅವರ ಹಿಂದೆಯೇ ಸಾವಿರಾರು ಜನ ಬಂದರು. ಮೊದಲು ಅಸ್ಸಾಂ, ಬಂಗಾಳದ ಶಿಬಿರಗಳಲ್ಲಿ ತಂಗಿದರು. ಅನೇಕರಿಗೆ ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಮಾಡುವ ಕೂಲಿ ಕೆಲಸ ಸಿಕ್ಕಿತು. ಆದರೆ ಎಷ್ಟು ದಿನ ಹಾಗೆ? ಸಂಸಾರ ಕಟ್ಟಿಕೊಂಡು ಎಲ್ಲಿ ಉಳಿಯುವುದು?

ಪ್ರಧಾನಿ ನೆಹರೂ ರಾಜ್ಯಗಳಿಗೆ ಪತ್ರ ಬರೆದು ಜಾಗ ಕೇಳಿದರು. ನಮ್ಮ ಮೈಸೂರು ರಾಜ್ಯ (ಆಗ ಇನ್ನೂ ಕರ್ನಾಟಕ ಎಂಬ ಹೆಸರು ಬಂದಿರಲಿಲ್ಲ) ದೊಡ್ಡ ಮನಸ್ಸು ಮಾಡಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಜಾಗವನ್ನು ಗುತ್ತಿಗೆಗೆ ಕೊಟ್ಟಿತು. ಆ ಕಾಲದ ನಾಯಕರಲ್ಲಿ ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. 1960–61ರಲ್ಲಿ ಮೊದಲ ತಂಡಗಳು ಬಂದಿಳಿದವು. ಆ ವಸಾಹತಿಗೆ ಲುಗ್ಸುಂಗ್ ಸಮ್ದುಪ್ಲಿಂಗ್ ಎಂದು ಹೆಸರಾಯಿತು. 1969ರಲ್ಲಿ ಪಕ್ಕದಲ್ಲೇ ಡಿಕಿ ಲಾರ್ಸೋ ಎಂಬ ಎರಡನೇ ವಸಾಹತು ಬಂತು.

ಜಾಗವೇನೋ ಸಿಕ್ಕಿತು, ಆದರೆ ಅದು ಕಾಡು. ಲ್ಹಾಸಾ ಇರುವುದು ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿ. ಬೈಲಕುಪ್ಪೆ 900 ಮೀಟರನ್ನೂ ಮುಟ್ಟುವುದಿಲ್ಲ. ಉಣ್ಣೆಯ ನಿಲುವಂಗಿ ತೊಟ್ಟು ಬೆಳೆದವರಿಗೆ ನಮ್ಮ ಏಪ್ರಿಲ್ ತಿಂಗಳ ಬಿಸಿಲು ಹೇಗಿದ್ದಿರಬಹುದು, ಯೋಚಿಸಿ! ಬಟ್ಟೆಯ ಡೇರೆ, ಬಿದಿರಿನ ಗುಡಿಸಲುಗಳಲ್ಲಿ ವಾಸ. ಮರ ಕಡಿದು, ಬೇರು ಕಿತ್ತು ಹೊಲ ಮಾಡಿದರೆ ಆನೆ, ಕಾಡುಹಂದಿಗಳ ಕಾಟ. ಊಟದ ಕಥೆಯೂ ಅಷ್ಟೇ. ಹುರಿದ ಬಾರ್ಲಿಯ ಹಿಟ್ಟು ಅವರ ದಿನನಿತ್ಯದ ಆಹಾರ. ಅದನ್ನು ತ್ಸಾಂಪಾ ಎನ್ನುತ್ತಾರೆ. ನಮ್ಮ ಹುರಿಹಿಟ್ಟಿನ ದಾಯಾದಿ ಎನ್ನಿ. ಟಿಬೆಟ್‌ನ ಚಳಿಯಲ್ಲಿ ಬೆಳೆಯುವ ಆ ಬಾರ್ಲಿಯನ್ನು ಇಲ್ಲಿ ನೆಚ್ಚುವಂತಿರಲಿಲ್ಲ. ಅವರು ಮುಸುಕಿನ ಜೋಳ ಬೆಳೆಯಲು ಕಲಿತರು. ಜಮೀನಿನಲ್ಲಿ ಕೆಲಸವಿಲ್ಲದ ಚಳಿಗಾಲದಲ್ಲಿ ಊರೂರು ಸುತ್ತಿ ಸ್ವೆಟರ್ ಮಾರಿದರು. ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಹಾಗೆ ಕೊಂಡ ಒಂದು ಸ್ವೆಟರ್ ಇದ್ದರೂ ಇರಬಹುದು, ಕೇಳಿ ನೋಡಿ.

ಈಗ ಮನೆಯವರೆಲ್ಲ ಕೂತು ಪ್ರವಾಸದ ಮಾತಾಡುವಾಗ ಬರುವ ಪ್ರಶ್ನೆಗೆ ಬರೋಣ: ಬೈಲಕುಪ್ಪೆಗೆ ಹೋದರೆ ಎಲ್ಲಿ ಉಳಿಯುವುದು?

ಮೂರು ದಾರಿಗಳಿವೆ. ಮೊದಲನೆಯದು ಮೈಸೂರಿನಲ್ಲೇ ಉಳಿದು, ಬೆಳಿಗ್ಗೆ ಹೋಗಿ ಸಂಜೆಗೆ ಮರಳುವುದು. ದೂರ ಸುಮಾರು 80 ಕಿಲೋಮೀಟರ್. ಈ ದಾರಿಯಲ್ಲಿ ರೈಲು ಇಲ್ಲ. ಮಡಿಕೇರಿ ಕಡೆಯ ಬಸ್ಸುಗಳು ಸಾಕಷ್ಟಿವೆ. ಎರಡನೆಯದು ಕಾವೇರಿ ದಾಟಿ ಕುಶಾಲನಗರದಲ್ಲಿ ಉಳಿಯುವುದು. ಬೈಲಕುಪ್ಪೆಯಿಂದ ಐದಾರು ಕಿಲೋಮೀಟರ್ ಅಷ್ಟೇ. ಎಲ್ಲ ಬಗೆಯ ವಸತಿಗೃಹಗಳೂ ಹೋಂಸ್ಟೇಗಳೂ ಅಲ್ಲಿವೆ, ಆಟೋ ಸುಲಭವಾಗಿ ಸಿಗುತ್ತದೆ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಇದೇ ಅನುಕೂಲ. ಕಾವೇರಿ ನಿಸರ್ಗಧಾಮ, ದುಬಾರೆ ಆನೆ ಶಿಬಿರಗಳನ್ನೂ ಅಲ್ಲಿಂದಲೇ ನೋಡಬಹುದು.

ಮೂರನೆಯದು ಬೈಲಕುಪ್ಪೆಯ ವಸಾಹತಿನೊಳಗೇ, ಮಠಗಳ ಆಸುಪಾಸಿನ ಅತಿಥಿಗೃಹಗಳಲ್ಲಿ ಉಳಿಯುವುದು. ನಾಮ್‌ಡ್ರೋಲಿಂಗ್ ಮಠದ ಹತ್ತಿರದ ಪಲ್ಜೋರ್ ಧಾರ್ಗೇ ಲಿಂಗ್ ಅತಿಥಿಗೃಹ ಪ್ರವಾಸಿಗರಿಗೆ ಬಹಳ ಕಾಲದಿಂದ ಪರಿಚಿತ. ಕೋಣೆಗಳಲ್ಲಿ ಆಡಂಬರ ನಿರೀಕ್ಷಿಸಬೇಡಿ. ಫೆಬ್ರವರಿ–ಮಾರ್ಚ್ ಹೊತ್ತಿಗೆ ಬರುವ ಲೋಸಾರ್, ಅಂದರೆ ಅವರ ಯುಗಾದಿಯ ಸಮಯದಲ್ಲಿ ಕೋಣೆಗೆ ಮೊದಲೇ ಹೇಳಿಡುವುದು ಒಳ್ಳೆಯದು. ಇನ್ನೊಂದು ಮಾತು: ಭಾರತೀಯರು ಇಲ್ಲಿ ಉಳಿಯಲು ಯಾವ ಪರವಾನಗಿಯೂ ಬೇಡ. ಆದರೆ ವಿದೇಶಿ ಪಾಸ್‌ಪೋರ್ಟ್ ಇರುವವರು ವಸಾಹತಿನಲ್ಲಿ ರಾತ್ರಿ ತಂಗಬೇಕಾದರೆ ಕೇಂದ್ರ ಗೃಹ ಇಲಾಖೆಯಿಂದ ಮುಂಚಿತವಾಗಿ ಅನುಮತಿ ಪಡೆಯಬೇಕು. ಅಮೆರಿಕದಿಂದ ಮೊಮ್ಮಕ್ಕಳು ರಜೆಗೆ ಬಂದಿದ್ದರೆ ಇದನ್ನು ಮರೆಯಬೇಡಿ. ಹಗಲು ಬಂದು ನೋಡಿ ಹೋಗಲು ಅವರಿಗೂ ಅಡ್ಡಿಯಿಲ್ಲ.

ವಸಾಹತಿನೊಳಗೆ ಉಳಿದರೆ ಒಂದು ಲಾಭವಿದೆ. ಪ್ರವಾಸಿಗರ ಬಸ್ಸುಗಳು ಬರುವ ಮೊದಲೇ ಊರು ಏಳುತ್ತದೆ. ಕೆಂಪು ವಸ್ತ್ರದ ಭಿಕ್ಷುಗಳ ಮಂತ್ರಪಠಣ, ಉದ್ದನೆಯ ಕಹಳೆಗಳ ದನಿ, ದೊಡ್ಡ ನಗಾರಿಯ ಸದ್ದು. ಮುದುಕರು ಮಣಿಮಾಲೆ ಎಣಿಸುತ್ತ ಪ್ರದಕ್ಷಿಣೆ ಹಾಕುತ್ತಾರೆ. ನೀವೂ ಜೊತೆಗೆ ನಡೆಯಬಹುದು. ನಮ್ಮ ದೇವಸ್ಥಾನದಂತೆಯೇ ಬಲಕ್ಕೆ ಸುತ್ತಬೇಕು, ಚಪ್ಪಲಿ ಹೊರಗೆ ಬಿಡಬೇಕು, ಫೋಟೋ ತೆಗೆಯುವ ಮೊದಲು ಕೇಳಬೇಕು. ‘ತಾಶಿ ದೆಲೆ’ ಎಂದರೆ ಅವರ ನಮಸ್ಕಾರ. ನೀವು ಹಾಗೆಂದರೆ ಅಂಗಡಿಯವರು ನಗುತ್ತ ಕನ್ನಡದಲ್ಲೇ ಮಾತಿಗಿಳಿದರೆ ಆಶ್ಚರ್ಯಪಡಬೇಡಿ. ಇಲ್ಲೇ ಹುಟ್ಟಿ ಬೆಳೆದವರು ಅವರು. ಹಸಿವಾದರೆ ಮೊಮೊ ಇದೆ, ಬಿಸಿಬಿಸಿ ತುಕ್ಪಾ ಇದೆ. ಬೆಣ್ಣೆ, ಉಪ್ಪು ಹಾಕಿದ ಚಹಾ ಸಿಕ್ಕಿದರೆ ಒಂದು ಗುಟುಕು ಕುಡಿದು ನೋಡಿ. ಅದನ್ನು ಚಹಾ ಎಂದುಕೊಳ್ಳದೆ ಸಾರು ಎಂದುಕೊಂಡರೆ ರುಚಿಸುತ್ತದೆ!

ಎಲ್ಲರೂ ಗೋಲ್ಡನ್ ಟೆಂಪಲ್ ಎಂದು ಕರೆಯುವುದು ಈ ನಾಮ್‌ಡ್ರೋಲಿಂಗ್ ಮಠದ ಗುಡಿಯನ್ನು. ಪೆನೋರ್ ರಿಂಪೋಚೆ 1963ರಲ್ಲಿ ಬೆರಳೆಣಿಕೆಯ ಭಿಕ್ಷುಗಳೊಂದಿಗೆ ಬಿದಿರಿನಲ್ಲಿ ಶುರುಮಾಡಿದ ಮಠವಿದು. ಈಗಿನ ದೊಡ್ಡ ಗುಡಿ ಆದದ್ದು 1999ರಲ್ಲಿ. ಒಳಗೆ ಬುದ್ಧ, ಪದ್ಮಸಂಭವ, ಅಮಿತಾಯುಸ್ ಈ ಮೂವರ ಬಂಗಾರದ ಬಣ್ಣದ ಮೂರ್ತಿಗಳನ್ನು ಕತ್ತೆತ್ತಿ ನೋಡಬೇಕು. ಇಲ್ಲಿಂದ ಸ್ವಲ್ಪ ದೂರದಲ್ಲಿ ಸೆರಾ ಮಠವಿದೆ. ಮೂಲ ಸೆರಾ 1419ರಲ್ಲಿ ಲ್ಹಾಸಾದ ಬಳಿ ಸ್ಥಾಪನೆಯಾದದ್ದು. ಅಲ್ಲಿಂದ ತಪ್ಪಿಸಿಕೊಂಡು ಬಂದ ಭಿಕ್ಷುಗಳು ಬಂಗಾಳದ ಬಕ್ಸಾ ಎಂಬಲ್ಲಿನ ಹಳೆಯ ಜೈಲಿನಲ್ಲಿ ಹತ್ತು ವರ್ಷ ಕಾಲ ಪಾಠ ಬಿಡದೆ ಓದಿದರು. ಆಮೇಲೆ ಬೈಲಕುಪ್ಪೆಗೆ ಬಂದು ಮಠವನ್ನು ಮತ್ತೆ ಕಟ್ಟಿದರು. ಅಲ್ಲಿ ಓದುವ ರೀತಿಯೇ ಬೇರೆ. ಒಬ್ಬ ನೆಲದಲ್ಲಿ ಕೂತಿರುತ್ತಾನೆ. ಇನ್ನೊಬ್ಬ ನಿಂತು ಪ್ರಶ್ನೆ ಕೇಳಿ ಚಟ್ಟನೆ ಚಪ್ಪಾಳೆ ತಟ್ಟುತ್ತಾನೆ. ಕೂತವನು ತಡಮಾಡದೆ ಉತ್ತರಿಸಬೇಕು. ಪರೀಕ್ಷೆ ಎಂದರೆ ಹೆದರುವ ಮಕ್ಕಳು ಇದನ್ನು ಕೇಳಿಸಿಕೊಂಡಿರಾ?

ವಸಾಹತಿನಲ್ಲಿ ಅಡ್ಡಾಡುವಾಗ ಒಂದು ಮಾತನ್ನು ಗಮನಿಸಿ. ಅಲ್ಲಿಯ ಊರುಗಳಿಗೆ ಕ್ಯಾಂಪ್ ಎನ್ನುತ್ತಾರೆ: ಒಂದನೇ ಕ್ಯಾಂಪ್, ಎರಡನೇ ಕ್ಯಾಂಪ್, ಹೀಗೆ. ಕ್ಯಾಂಪ್ ಎಂದರೆ ಸ್ವಲ್ಪ ಕಾಲ ತಂಗಿ ಎದ್ದುಹೋಗುವ ಜಾಗ. ಡೇರೆ ಹೋಗಿ ಹೆಂಚಿನ ಮನೆ ಬಂತು, ತಾರಸಿ ಮನೆ ಬಂತು, ಶಾಲೆ, ಆಸ್ಪತ್ರೆ ಬಂದವು. ಅರವತ್ತು ವರ್ಷ ದಾಟಿದರೂ ಹೆಸರು ಮಾತ್ರ ಕ್ಯಾಂಪ್ ಆಗಿಯೇ ಉಳಿದಿದೆ. ಮರಳಿ ಹೋಗುತ್ತೇವೆಂದು ಬಂದ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನ ಈ ಮಣ್ಣಿನಲ್ಲೇ ಕಣ್ಣು ಮುಚ್ಚಿದರು. ಲ್ಹಾಸಾ ಮೊಮ್ಮಕ್ಕಳಿಗೆ ಕಥೆಯಲ್ಲಿ ಕೇಳಿದ ಊರು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಕಾನೂನಿನಂತೆ ಭಾರತದ ಪೌರರು. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಹಾಗಿದ್ದರೂ ಅನೇಕರು ನಿರಾಶ್ರಿತರ ನೋಂದಣಿ ಪತ್ರವನ್ನೇ ನವೀಕರಿಸುತ್ತ ಬಂದಿದ್ದಾರೆ. ಆ ಪತ್ರ ಬಿಟ್ಟರೆ ಮರಳಿ ಹೋಗುವ ಆಸೆಯನ್ನೇ ಬಿಟ್ಟಂತೆ ಎಂದು ಕೆಲವರ ಭಾವನೆ. ಹೊಸ ತಲೆಮಾರಿನ ಅನೇಕರು ಓದಿಗೆ, ಕೆಲಸಕ್ಕೆ ಬೆಂಗಳೂರಿಗೋ ಪರದೇಶಕ್ಕೋ ಹೊರಟಿದ್ದಾರೆ. ಬಂದರಿನಲ್ಲಿ ಹೀಗೆ ಬರುವವರೂ ಹೋಗುವವರೂ ಇದ್ದೇ ಇರುತ್ತಾರೆ.

ಆದ್ದರಿಂದ ಅಲ್ಲಿ ಕೋಣೆ ಹಿಡಿದು ಒಂದು ರಾತ್ರಿ ಉಳಿಯುವಾಗ ನೆನಪಿಡಿ: ನಿಮಗೆ ಹಾಸಿಗೆ ಹಾಸಿಕೊಡುವವರು ತಮ್ಮನ್ನೂ ಅತಿಥಿಗಳೆಂದೇ ಎಣಿಸಿದವರು. ಉಳಿಯಲು ಜಾಗ ಕೇಳುವುದು ಎಷ್ಟು ಕಷ್ಟ, ಕೊಡುವುದು ಎಷ್ಟು ದೊಡ್ಡದು ಎಂಬುದು ಅವರಿಗೆ ಗೊತ್ತು.

ಊರಿಗೆ ಮರಳಿದ ಮೇಲೆ, ಮಕ್ಕಳೇ, ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಒಂದು ಪ್ರಶ್ನೆ ಕೇಳಿ: “ನಮ್ಮ ಮನೆತನ ಈ ಊರಿಗೆ ಎಲ್ಲಿಂದ ಬಂತು? ಆಗ ಉಳಿಯಲು ಜಾಗ ಕೊಟ್ಟವರು ಯಾರು?” ಅಣೆಕಟ್ಟೆಯ ನೀರಿಗೆ ಹಳ್ಳಿ ಬಿಟ್ಟವರು, ಬರಕ್ಕೆ ಸಿಕ್ಕಿ ಗುಳೆ ಬಂದವರು, ಕೂಲಿ ಹುಡುಕಿ ಬಂದವರು, ಮದುವೆಯಾಗಿ ಬಂದವರು, ಹೀಗೆ ಏನಾದರೊಂದು ಕಥೆ ಸಿಕ್ಕೇ ಸಿಗುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.