ಡಬ್ಬಿಗೆ ಸೇರದ ಮಾತ್ರೆ

ಬಹುತೇಕ ಮನೆಗಳಲ್ಲಿ ಒಂದು ಡಬ್ಬಿ ಇರುತ್ತದೆ. ಒಂದು ಕಾಲಕ್ಕೆ ಅದು ಬಿಸ್ಕತ್ತಿನ ಡಬ್ಬಿ. ಈಗ ಔಷಧಿ ಡಬ್ಬಿ. ಅಜ್ಜಿಯ ಮಂಡಿನೋವಿನ ಮಾತ್ರೆ, ಮಗಳ ಜ್ವರಕ್ಕೆ ತಂದು ಉಳಿದ ನಾಲ್ಕು ಕ್ಯಾಪ್ಸೂಲು, ಹೆಸರು ಅಳಿಸಿಹೋದ ಅರ್ಧ ಸ್ಟ್ರಿಪ್ಪು ಎಲ್ಲವೂ ಅದರಲ್ಲಿ. ಪರೀಕ್ಷೆಯ ಹೊತ್ತಿಗೆ ಮಗನಿಗೆ ಗಂಟಲು ಕೆರೆಯತೊಡಗಿದರೆ ಅಮ್ಮ ಮೊದಲು ತೆರೆಯುವುದು ಅದನ್ನೇ. ಪ್ರೀತಿಯಿಂದಲೇ ತೆರೆಯುತ್ತಾಳೆ. ಆದರೆ ಲಿನೆಜೋಲಿಡ್ ಎಂಬ ಮಾತ್ರೆ ಆ ಡಬ್ಬಿಗೆ ಸೇರಬಾರದು.

ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯ ಎಷ್ಟೋ ಜನರ ಮೂಗಿನಲ್ಲಿ, ಚರ್ಮದ ಮೇಲೆ ತಣ್ಣಗೆ ಕೂತಿರುತ್ತದೆ. ಗಾಯದೊಳಗೆ ಹೊಕ್ಕರೆ ಕುರು, ಕೀವು, ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯ. ಅದು ಪೆನಿಸಿಲಿನ್‌ಗೆ ಬಗ್ಗದಾದಾಗ ಮೆಥಿಸಿಲಿನ್ ಬಂತು. 1961ರಲ್ಲಿ ಇಂಗ್ಲೆಂಡಿನಲ್ಲಿ ಮೆಥಿಸಿಲಿನ್‌ಗೂ ಬಗ್ಗದ ತಳಿ ಪತ್ತೆಯಾಯಿತು. ಇಂಥ ಹಟಮಾರಿಗಳನ್ನು ಹಿಡಿಯಬಲ್ಲ ಲಿನೆಜೋಲಿಡ್‌ಗೆ ಅಮೆರಿಕ 2000ದಲ್ಲಿ ಒಪ್ಪಿಗೆ ಕೊಟ್ಟಿತು. ಮರುವರ್ಷವೇ ಅದಕ್ಕೂ ಜಗ್ಗದ ಸ್ಟೆಫಿಲೊಕಾಕಸ್ ವರದಿಯಾಯಿತು! ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾದಿರಿಸಬೇಕಾದ ಆಂಟಿಬಯೋಟಿಕ್‌ಗಳ ಗುಂಪಿಗೆ ಸೇರಿಸಿದೆ. ನೆಗಡಿ, ಫ್ಲೂ ವೈರಸ್ಸಿನಿಂದ ಬರುವಂಥವು; ಅವುಗಳ ಮೇಲೆ ಇದರ ಆಟ ನಡೆಯುವುದಿಲ್ಲ.

ವೈದ್ಯರೇ ಬರೆದುಕೊಟ್ಟಾಗ? ದೊಡ್ಡವರಿಗೆ ಸಾಮಾನ್ಯವಾಗಿ 12 ಗಂಟೆಗೊಂದು ಮಾತ್ರೆ. ಹೇಳಿದಷ್ಟು ದಿನ ನುಂಗಬೇಕು. ಎರಡೇ ದಿನದಲ್ಲಿ ನೋವಿಳಿಯಿತೆಂದು ತಾವಾಗಿ ನಿಲ್ಲಿಸುವುದೂ ಬೇಡ, ಇರಲಿ ಎಂದು ಮುಂದುವರಿಸುವುದೂ ಬೇಡ. ಪಕ್ಕದ ರೂಮಿನ ಗೆಳೆಯನಿಗೂ ಕುರು ಎದ್ದಿದೆಯೆಂದು ಎರಡು ಮಾತ್ರೆ ದಾನ ಮಾಡುವುದಂತೂ ಬೇಡವೇ ಬೇಡ. ಈ ಔಷಧಿ ರಕ್ತಕಣಗಳನ್ನು, ಅದರಲ್ಲೂ ಪ್ಲೇಟ್‌ಲೆಟ್‌ಗಳನ್ನು ಇಳಿಸಬಲ್ಲದು. ಆದ್ದರಿಂದ ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಲು ಹೇಳಿದರೆ ಅದನ್ನು ದುಂದು ಎನ್ನಬಾರದು. ಔಷಧಿಗೆ ಬಗ್ಗದ ಕ್ಷಯಕ್ಕೆ ಇದನ್ನು ತಿಂಗಳುಗಟ್ಟಲೆ ಕೊಡುವುದುಂಟು. 28 ದಿನ ದಾಟಿದರೆ ಕಣ್ಣಿನ ನರಕ್ಕೂ ಕೈಕಾಲಿನ ನರಗಳಿಗೂ ಪೆಟ್ಟು ಬೀಳುವ ಭಯ ಹೆಚ್ಚು. ದೃಷ್ಟಿ ಮಂಜಾದರೆ, ಬಣ್ಣ ಮಾಸಿದಂತೆ ಕಂಡರೆ, ಪಾದ ಜೋಮು ಹಿಡಿದರೆ ಕೂಡಲೇ ತಿಳಿಸಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ದಿಢೀರನೆ ಇಳಿಯಬಹುದು. ಹಳೆಯ ಚೀಸ್, ಸೋಯಾ ಸಾಸ್ ಹೆಚ್ಚು ತಿಂದರೆ ರಕ್ತದೊತ್ತಡ ಏರೀತು. ಗೋಬಿ ಮಂಚೂರಿ ಅಷ್ಟು ದಿನ ಕಾಯಲಿ.

ಇದೆಲ್ಲಕ್ಕಿಂತ ಕಷ್ಟದ್ದು ಇನ್ನೊಂದಿದೆ. ಹಾಸ್ಟೆಲಿನ ಹುಡುಗನೊಬ್ಬನಿಗೆ ತೊಡೆಯ ಮೇಲೆ ಕುರು ಎದ್ದಿದೆ ಎನ್ನಿ. ಕೀವಿನ ಪರೀಕ್ಷೆಯ ವರದಿ ನೋಡಿ ವೈದ್ಯರು ಕೇಳುತ್ತಾರೆ: "ಬೇರೆ ಯಾವುದಾದರೂ ಮಾತ್ರೆ ತಗೊಳ್ತಿದ್ದೀಯಾ?" ಹುಡುಗ ಬಾಯಿ ತೆರೆಯುವ ಮೊದಲೇ ಅಪ್ಪ, "ಅವನಿಗೇನು ಡಾಕ್ಟ್ರೇ, ಕಲ್ಲುಗುಂಡಿನ ಹಾಗಿದ್ದಾನೆ" ಎಂದುಬಿಡುತ್ತಾರೆ. ಹುಡುಗ ನೆಲ ನೋಡುತ್ತಾನೆ. ಮೂರು ತಿಂಗಳಿಂದ ಅವನು ಖಿನ್ನತೆಗೆ ಮಾತ್ರೆ ನುಂಗುತ್ತಿದ್ದಾನೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ದೇಹದಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಕರಗಿಸುವ ಕಿಣ್ವವೊಂದನ್ನು ಲಿನೆಜೋಲಿಡ್ ತಡೆಯುತ್ತದೆ. ಖಿನ್ನತೆಯ ಹಲವು ಮಾತ್ರೆಗಳು ಅದೇ ಸೆರೊಟೋನಿನ್ನನ್ನು ಹೆಚ್ಚಿಸುತ್ತವೆ. ಎರಡೂ ಕೂಡಿದರೆ ನಡುಕ, ಬೆವರು, ಜ್ವರ, ಎದೆಬಡಿತ, ಗೊಂದಲ. ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ. ಟ್ರಮಡಾಲ್ ಎಂಬ ನೋವುನಿವಾರಕ, ಕೆಲವು ಕೆಮ್ಮಿನ ಸಿರಪ್‌ಗಳದ್ದೂ ಇದೇ ಕತೆ. ವೈದ್ಯರಿಗೆ ವಿಷಯ ತಿಳಿದರೆ ದಾರಿಯಿದೆ: ಬೇರೆ ಆಂಟಿಬಯೋಟಿಕ್ ಕೊಡಬಹುದು, ಇಲ್ಲವೇ ಕಣ್ಣಿಟ್ಟು ನೋಡಿಕೊಳ್ಳಬಹುದು. ಹುಡುಗ ಹೆದರಿ ಖಿನ್ನತೆಯ ಮಾತ್ರೆಯನ್ನು ತಾನೇ ನಿಲ್ಲಿಸುವುದು ಮಾತ್ರ ಇನ್ನೊಂದು ಅಪಾಯ.

ಮಗನ ಪರವಾಗಿ ಉತ್ತರಿಸುವುದು ತಂದೆಯ ಅಭ್ಯಾಸ, ಅಕ್ಕರೆ ಎರಡೂ ಹೌದು. ಆ ಒಂದು ಪ್ರಶ್ನೆ ಬಂದಾಗ "ನಾನು ಹೊರಗಿರ್ತೀನಿ, ನೀನೇ ಹೇಳು" ಎಂದು ಅವರು ಎರಡು ನಿಮಿಷ ಬೆಂಚಿನ ಮೇಲೆ ಕೂತರೆ, ಹುಡುಗ ಹೇಳಬೇಕಾದ್ದನ್ನು ಹೇಳಿಯಾನು.